ಬಯೋಡೇಟಾದಲ್ಲಿ ಕಾಣೆಯಾದ ಒಂದು ವರ್ಷ

ನನ್ನ ಬಯೋಡೇಟಾ ಎಷ್ಟು ಉದ್ದವಿದೆ ಎಂದು ನನಗೇ ಗೊತ್ತಾಗಿದ್ದು ಕಳೆದ ಭಾನುವಾರ. ಅದನ್ನು ಓದುತ್ತಿದ್ದಂತೆ ಅರ್ಧ ಸಭೆ ತೂಕಡಿಸತೊಡಗಿತ್ತು. (ಉಳಿದರ್ಧ ಉಪ್ಪಿಟ್ಟಿನ ವಾಸನೆಗೆ ಬಾಗಿಲ ಕಡೆ ತಿರುಗಿತ್ತು.)

ನಮ್ಮ ಬಸವನಗುಡಿಯಲ್ಲಿ ಭಾಷಣ ಚಿಕ್ಕದಾದರೆ ಪರವಾಗಿಲ್ಲ, ಅತಿಥಿಯ ಪರಿಚಯ ಮಾತ್ರ ಭರ್ಜರಿಯಾಗಿರಬೇಕು. ನಾನು ಮನಶ್ಶಾಸ್ತ್ರಜ್ಞೆ, ಕಾಲೇಜಿನಲ್ಲಿ ಪಾಠವನ್ನೂ ಹೇಳುತ್ತೇನೆ. ಬಡಾವಣೆಯ ಮಕ್ಕಳಿಗೆ ಪರೀಕ್ಷೆಯ ಭಯದ ಬಗ್ಗೆ ಮಾತಾಡಲು ಕರೆದಿದ್ದರು. ಪರಿಚಯಿಸುವ ಹೊಣೆ ಅಶ್ವತ್ಥರಾಯರದು. ನಿವೃತ್ತ ಗಣಿತದ ಮೇಷ್ಟ್ರು.

ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎ., ಎಂ.ಎ., ಬಿ.ಎಡ್., ಪಿಎಚ್.ಡಿ. ಎಲ್ಲವನ್ನೂ ಇಸವಿ ಸಮೇತ ಓದಿದರು. ಮುಂದಿನ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ನನ್ನ ಗಂಡ. ಪ್ರತಿ ಡಿಗ್ರಿಗೂ ಅಮ್ಮ ಹಿಂದೆ ತಿರುಗಿ ಜನರ ಮುಖ ನೋಡುತ್ತಿದ್ದಳು. ಅಷ್ಟರಲ್ಲಿ ರಾಯರು ಓದು ನಿಲ್ಲಿಸಿ ಬೆರಳು ಮಡಚಿ ಏನೋ ಎಣಿಸಿದರು.

"ಅಲ್ಲಮ್ಮಾ, ಪಿಯುಸಿಗೆ ಎರಡು ವರ್ಷ ತಾನೇ? ಇಲ್ಲಿ ಮೂರು ಬರ್ತಿದೆ. ಒಂದು ವರ್ಷ ಎಲ್ಲಿ ಹೋಯ್ತು?"

ಮೈಕಿನಲ್ಲೇ ಕೇಳಿಬಿಟ್ಟರು!

ಆ ವರ್ಷವನ್ನು ಇಡೀ ಲೋಕದಿಂದ ಬಚ್ಚಿಟ್ಟಿದ್ದೆ. (ಗಂಡನಿಗೆ ಹೇಳಿದ್ದು ಜಾಂಡೀಸ್ ಕಥೆ. ಪಾಪ, ಅಂದಿನಿಂದ ಅವರು ಮನೆಯಲ್ಲಿ ಕರಿದ ತಿಂಡಿಯನ್ನೇ ನಿಲ್ಲಿಸಿದ್ದಾರೆ.) ಏನೋ ಹೇಳಿ ತೇಲಿಸೋಣವೆಂದು ಬಾಯಿ ತೆರೆದೆ. ಅಮ್ಮ ನನಗಿಂತ ಚುರುಕು.

"ಮ್ಯಾಥ್ಸ್ ಹೋಗಿತ್ತು ರಾಯರೇ! ಮೂರು ದಿನ ದೇವ್ರ ಮನೆಯಿಂದ ಆಚೆಗೇ ಬರ್ಲಿಲ್ಲ ಇವ್ಳು."

"ಎಷ್ಟು ಬಂದಿತ್ತು?" ಮೇಷ್ಟ್ರ ದನಿಯಲ್ಲಿ ನಿಜವಾದ ಸಂಕಟ.

"ಹನ್ನೊಂದು," ಅಮ್ಮ ಅದನ್ನೂ ಹೇಳಿಬಿಟ್ಟಳು.

ಸಭೆಗೆ ಪೂರ್ತಿ ಎಚ್ಚರವಾಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಪಿಎಚ್.ಡಿ.ಗೆ ಯಾರಾದರೂ ಹೊಡೆದಿದ್ದರಾ?

ನನ್ನ ಪವರ್‌ಪಾಯಿಂಟ್ ಯಾರಿಗೂ ಬೇಕಾಗಲಿಲ್ಲ. "ಮೇಡಂ, ಮನೇಲಿ ಬೈದ್ರಾ?" "ಎರಡನೇ ಸಲ ಬರೆಯೋವಾಗ ಹೆದರಿಕೆ ಆಗ್ಲಿಲ್ವಾ?" ಬೈದಿದ್ದರು, ಹೆದರಿಕೆಯೂ ಆಗಿತ್ತು ಎಂದೆ. ಒಂದು ಗಂಟೆ ಯಾರೂ ಏಳಲಿಲ್ಲ. ಉಪ್ಪಿಟ್ಟು ತಣ್ಣಗಾಯಿತು. ನಾಚಿಕೆಯಾಗಿದ್ದು ನಿಜ, ಖುಷಿಯಾಗಿದ್ದೂ ನಿಜ. ಪಾಸಾಗಿದ್ದನ್ನಷ್ಟೇ ಬರೆದುಕೊಂಡು ಓಡಾಡುವ ನಾವು, ಫೇಲಾದರೂ ಹೆದರಬೇಡಿ ಎಂದರೆ ಮಕ್ಕಳು ಯಾಕಾದರೂ ನಂಬಬೇಕು?

ಮನೆಗೆ ಬಂದವಳೇ ಬಯೋಡೇಟಾದ ಮೊದಲ ಸಾಲಿಗೆ ಆ ಹನ್ನೊಂದನ್ನು ಸೇರಿಸಿದೆ. ಹೆಗಲ ಮೇಲಿಂದ ಇಣುಕಿ ಅದನ್ನು ಓದಿದ ಗಂಡ ಕೇಳಿದರು:

"ಹಾಗಾದ್ರೆ ಇಪ್ಪತ್ತು ವರ್ಷದಿಂದ ಈ ಮನೇಲಿ ಬಜ್ಜಿ ಬಂದ್ ಆಗಿರೋದು ನಿನ್ನ ಮ್ಯಾಥ್ಸ್‌ಗೋಸ್ಕರಾನಾ?"