ಬುತ್ತಿಯ ಬಸ್ಸು ಮತ್ತು ಮೊದಲನೆಯ ತಾಸು

ಓದಿನಲ್ಲಿ ಆಸಕ್ತಿಯಿಲ್ಲದವಳು ಎಂದು ಒಬ್ಬ ವಿದ್ಯಾರ್ಥಿನಿಯ ಮೇಲೆ ತೀರ್ಪು ಕೊಡಲಾಯಿತು. ತರಗತಿ ತಪ್ಪಿಸಿ ಆಕೆ ಎಲ್ಲಿಗೆ ಹೋಗುತ್ತಾಳೆಂದು ತೀರ್ಪು ಕೊಟ್ಟವರು ಒಮ್ಮೆಯೂ ಕೇಳಲಿಲ್ಲ. ಕೇಳಿ ತಿಳಿದು ಹೇಳಿದ ನನಗೆ ಒಂದು ಅಡ್ಡಹೆಸರು ದೊರೆಯಿತು. ಮೊದಲನೆಯದು ದೊಡ್ಡ ಅನ್ಯಾಯ, ಎರಡನೆಯದು ಚಿಕ್ಕದು. ನಾನು ಎರಡನ್ನೂ ಮರೆತಿಲ್ಲ. ಮರೆಯುವುದು ನನ್ನ ಜಾಯಮಾನವಲ್ಲ. ತಂಗಿಯ ಮದುವೆಯಲ್ಲಿ ನನ್ನ ಎಲೆಯನ್ನು ದಾಟಿ ಹೋಳಿಗೆಯ ಬುಟ್ಟಿ ಒಯ್ದವನ ಮುಖ ನನಗೆ ಇಂದಿಗೂ ಸ್ಪಷ್ಟವಾಗಿದೆ.

ಇವತ್ತು ಬೆಳಿಗ್ಗೆ ಧಾರವಾಡದ ಬಸ್ ನಿಲ್ದಾಣದಲ್ಲಿ, ಹುಬ್ಬಳ್ಳಿಯ ದಾರಿಯಲ್ಲಿರುವ ರಾಯಾಪುರಕ್ಕೆ ಹೋಗಲು ನಿಂತಿದ್ದೆ. ಹಳ್ಳಿಯ ಬಸ್ಸೊಂದು ಬಂದು ನಿಂತಿತು. ಅದರ ಬಾಗಿಲು ತೆರೆದೊಡನೆ ಜೋಳದ ರೊಟ್ಟಿ, ಅಗಸಿ ಹಿಂಡಿಯೆಂಬ ಚಟ್ನಿಪುಡಿ ಮತ್ತು ಡೀಸೆಲ್ ಒಂದಾದ ಒಂದು ವಾಸನೆ ಬಂತು. ಈ ವಾಸನೆಯನ್ನು ಬಲ್ಲ ಓದುಗರು ಮುಂದಿನ ವಿವರಣೆಯನ್ನು ಬಿಟ್ಟು ಸಾಗಬಹುದು.

ಸುತ್ತಲಿನ ಊರುಗಳಿಂದ ಬಂದು ಇಲ್ಲಿ ಕೋಣೆ ಹಿಡಿದು ಓದುವ ಅನೇಕ ಮಕ್ಕಳಿಗೆ ಊಟ ಬರುವುದು ಊರಿನಿಂದಲೇ. ತಾಯಂದಿರು ನಸುಕಿನಲ್ಲಿ ರೊಟ್ಟಿ ಬಡಿದು, ಡಬ್ಬಿ ತುಂಬಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ಡ್ರೈವರನ ಪಕ್ಕಕ್ಕೆ ಇಟ್ಟುಹೋಗುತ್ತಾರೆ. ಡಬ್ಬಿಯ ಮೇಲೆ ಹೆಸರಿರುವುದಿಲ್ಲ. ಗಂಟಿನ ಬಟ್ಟೆಯೇ ಗುರುತು. ಮಕ್ಕಳು ಬಂದು ಅದನ್ನು ಇಳಿಸಿಕೊಂಡು, ನಿನ್ನೆಯ ಖಾಲಿ ಡಬ್ಬಿಯನ್ನು ಅದೇ ಬಸ್ಸಿಗೆ ಏರಿಸಬೇಕು. ಖಾಲಿ ಡಬ್ಬಿ ಊರು ಸೇರದಿದ್ದರೆ ನಾಳೆಯ ಬುತ್ತಿಯಿಲ್ಲ. ಬಸ್ಸು ಯಾರಿಗಾಗಿಯೂ ಕಾಯುವುದಿಲ್ಲ.

ಆ ವಿದ್ಯಾರ್ಥಿನಿ, ಉಪ್ಪಿನಬೆಟಗೇರಿಯ ಮಹಾದೇವಿ, ಹಲವು ವರ್ಷಗಳ ಹಿಂದೆ ನಮ್ಮ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದಲು ಬಂದಿದ್ದಳು. ಮೂರನೆಯ ತಾಸಿನಲ್ಲಿ ನಾನು ಆರ್ಥಿಕ ಇತಿಹಾಸ ಕಲಿಸುತ್ತಿದ್ದೆ. ರೈಲು ಬಂದು ಹತ್ತಿಯ ವ್ಯಾಪಾರ ಬೆಳೆದ ಕಥೆಯನ್ನು ನಾನು ಸವಿಸ್ತಾರವಾಗಿ ಹೇಳಿ ಮುಗಿಸಿದಾಗ ಅವಳು ಎದ್ದುನಿಂತಳು. “ಸರ, ಅಲ್ಲೀತನಕಾ ಹತ್ತಿ ಹೇರ್ಕೊಂಡು ಹೋಗತಿದ್ದ ಚಕ್ಕಡಿ ಮಂದಿ ಆಮ್ಯಾಲೆ ಏನ್ ಮಾಡಿದ್ರು?” ನಾಳೆ ಹೇಳುತ್ತೇನೆಂದು ಅಧ್ಯಾಪಕರ ಪುರಾತನ ಉಪಾಯವನ್ನು ಹೂಡಿದೆ.

ಇಂಥ ಹುಡುಗಿ ಮೊದಲನೆಯ ತಾಸಿಗೆ ಬರುತ್ತಲೇ ಇರಲಿಲ್ಲ. ಅದು ಸಂಖ್ಯಾಶಾಸ್ತ್ರದ ತಾಸು. ಕಲಿಸುತ್ತಿದ್ದವರು ನಮ್ಮ ವಿಭಾಗದ ಮುಖ್ಯಸ್ಥರು. ಬುತ್ತಿಯ ಬಸ್ಸು ಬರುತ್ತಿದ್ದುದೂ ಅದೇ ಹೊತ್ತಿಗೆ. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂಡ್ರಿಸುವುದಿಲ್ಲವೆಂದು ಅವರು ಎಚ್ಚರಿಸಿದ್ದರು. ಒಂದು ವರ್ಷ ಕೆಟ್ಟರೂ ಸಾಲಿ ಬಿಡಿಸುವುದಾಗಿ ಅವಳ ತಂದೆ ಮೊದಲೇ ಹೇಳಿ ಕಳಿಸಿದ್ದರು. ಹೀಗಾಗಿ ಕಿರುಪರೀಕ್ಷೆಯ ದಿನ ಅವಳು ಬಸ್ಸನ್ನು ಬಿಟ್ಟು ತರಗತಿಗೆ ಬಂದಳು. ಇಳಿಸಿಕೊಳ್ಳುವವರಿಲ್ಲದ ಡಬ್ಬಿ ಊರಿಗೆ ಮರಳಿತು.

ಬಿಚ್ಚದ ಬುತ್ತಿ ಮರಳಿ ಬಂದರೆ ಹಳ್ಳಿಯ ತಾಯಿಗೆ ಅದು ಕೆಟ್ಟ ಸುದ್ದಿಯೇ. ಮಧ್ಯಾಹ್ನದ ಹೊತ್ತಿಗೆ ಮಹಾದೇವಿಯ ತಾಯಿ ಗಂಗವ್ವ ಆ ಡಬ್ಬಿಯನ್ನು ಎದೆಗವಚಿಕೊಂಡು ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

“ನಮ್ಮ ಮಹಾದೇವಿ ಎಲ್ಲದಾಳ್ರಿ? ಬುತ್ತಿ ಹೊಳ್ಳಿ ಬಂದೈತ್ರಿ. ಗಂಟ ಸೈತ ಬಿಚ್ಚಿಲ್ಲ. ಹುಡುಗಿಗೆ ಏನರ ಆತೇನ್ರಿ?”

ಮುಖ್ಯಸ್ಥರು ಕುರ್ಚಿಯಿಂದ ಏಳದೆ ಹೇಳಿದರು: “ಏನೂ ಆಗಿಲ್ಲವಾ. ಇವತ್ತೊಂದಿನ ಕ್ಲಾಸಿಗೆ ಬಂದಾಳ, ಅಷ್ಟ.”

ಕೆಲವರು ನಕ್ಕರು. ಯಾರು ಯಾರೆಂಬುದು ನನಗೆ ನೆನಪಿದೆ. ಗಂಗವ್ವನಿಗೆ ಆ ಕುಹಕ ತಾಗಲಿಲ್ಲ. “ಹಂಗಾರ ಉಂಡಿಲ್ಲಕಿ,” ಎಂದಷ್ಟೇ ಹೇಳಿ, ಪಡಸಾಲೆಯಲ್ಲಿ ಕುಳಿತು ಗಂಟು ಬಿಚ್ಚತೊಡಗಿದಳು. ಮಗಳು ಓಡಿ ಬಂದಳು.

“ಯವ್ವಾ, ಪರೀಕ್ಷೆ ಇತ್ತು.”

“ಪರೀಕ್ಷೆ ಇದ್ರ ಉಣಬಾರದಂತ ಯಾರ್ ಹೇಳ್ಯಾರ ನಿನಗ?”

ವಿಭಾಗದ ಸಭೆಯಲ್ಲಿ ನಾನು, ಮಹಾದೇವಿಯನ್ನು ಕೇಳಿ ತಿಳಿದ ಬುತ್ತಿಯ ಬಸ್ಸಿನ ವಿಷಯವನ್ನು ಹೇಳಿ, ವಿನಯದಿಂದಲೇ ಒಂದು ಸಲಹೆ ಮುಂದಿಟ್ಟೆ: ಸಂಖ್ಯಾಶಾಸ್ತ್ರಕ್ಕೆ ನನ್ನ ಮೂರನೆಯ ತಾಸನ್ನು ಕೊಡುತ್ತೇನೆ, ನನ್ನ ಪಾಠವನ್ನು ಸಂಜೆ ತೆಗೆದುಕೊಳ್ಳುತ್ತೇನೆ, ಮೊದಲನೆಯದರಲ್ಲಿ ಏನನ್ನೂ ಇಡುವುದು ಬೇಡ. ಮುಖ್ಯಸ್ಥರು ನನ್ನ ಮಾತು ಮುಗಿಯಗೊಡಲಿಲ್ಲ. “ಇದು ಎಂ.ಎ. ವಿಭಾಗ ಐತ್ರಿ ಸರ, ಖಾನಾವಳಿ ಅಲ್ಲ.”

ಮಾರನೆಯ ದಿನದಿಂದ ಮಹಾದೇವಿಯ ಡಬ್ಬಿ ಇಳಿಸಿಕೊಳ್ಳಲು ನಾನೇ ಬಸ್ ನಿಲ್ದಾಣಕ್ಕೆ ಹೋಗತೊಡಗಿದೆ. ಹೇಗಿದ್ದರೂ ಬೆಳಗಿನ ತಿರುಗಾಟ ನನಗೆ ರೂಢಿಯಿತ್ತು. ಮೊದಲ ದಿನವೇ ಪ್ರಮಾದವಾಯಿತು. ಮಹಾದೇವಿ ಡಬ್ಬಿಯನ್ನು ನೋಡಿ ಸಂಕೋಚದಿಂದ ಹೇಳಿದಳು: “ಸರ, ಇದು ನಮ್ಮವ್ವ ಹಾಕಿದ ಗಂಟ ಅಲ್ರಿ.” ಅಷ್ಟರಲ್ಲಿ ಆ ಡಬ್ಬಿಯ ನಿಜವಾದ ಒಡೆಯ ನಿಲ್ದಾಣದಲ್ಲಿ ಹುಯ್ಯಲೆಬ್ಬಿಸಿದ್ದ. ಕಂಡಕ್ಟರು ಮರುದಿನ ನನ್ನನ್ನು ಕಂಡು, “ಬರ್ರಿ ಸರ, ಈ ವಯಸ್ಸಿನ್ಯಾಗ ಯಾವ ಸಾಲಿಗೆ ಹಚ್ಯಾರ್ರಿ ನಿಮ್ಮನ್ನ?” ಎಂದ. ಅದನ್ನು ನಾನು ಅವಮಾನಗಳ ಸಾಲಿಗೆ ಸೇರಿಸಿಲ್ಲ. ಅವನು ನಗುತ್ತಲೇ ಸರಿಯಾದ ಡಬ್ಬಿಯನ್ನು ಎತ್ತಿಕೊಟ್ಟಿದ್ದ. ಸೇರಿಸಿದ್ದು ಮುಖ್ಯಸ್ಥರು ಎಲ್ಲರೆದುರು ನನಗಿಟ್ಟ ಹೆಸರನ್ನು: ಡಬ್ಬಿ ಮಾಸ್ತರ.

ಕೆಲವು ದಿನ ಕಳೆದ ಮೇಲೆ ಡಬ್ಬಿಯ ಜೊತೆಗೆ ಒಂದು ಪುಟ್ಟ ಗಂಟೂ ಬರತೊಡಗಿತು. “ಇದು ನಿಮಗಂತ್ರಿ,” ಎಂದಳು ಮಹಾದೇವಿ. ಒಳಗೆ ಶೇಂಗಾ ಹಿಂಡಿ. ನನ್ನ ಸೇವಾವಧಿಯಲ್ಲಿ ನನಗೆ ಬಂದ ಗೌರವಗಳಲ್ಲಿ ರುಚಿಯಿದ್ದದ್ದು ಅದೊಂದೇ.

ಹಾಜರಿ ಸಾಕಾಯಿತು. ಮಹಾದೇವಿ ಪರೀಕ್ಷೆಗೆ ಕುಳಿತು ಸಂಖ್ಯಾಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದಳು. ಈಗ ಅವಳೂ ಅಧ್ಯಾಪಕಿ. ಅವಳ ತರಗತಿಯ ಬೀಳ್ಕೊಡುಗೆಯ ಸಮಾರಂಭದಲ್ಲಿ ಮುಖ್ಯಸ್ಥರು, ಶಿಸ್ತೊಂದಿದ್ದರೆ ಆಸಕ್ತಿಯಿಲ್ಲದವರೂ ದಾರಿಗೆ ಬರುತ್ತಾರೆಂದು ಅವಳನ್ನೇ ಉದಾಹರಿಸಿದರು. ಚಪ್ಪಾಳೆಗೆ ಎತ್ತಿದ ನನ್ನ ಕೈಗಳು ನಡುವೆಯೇ ನಿಂತವು.

ಇಂದು ಹುಬ್ಬಳ್ಳಿಯಲ್ಲಿ ಒಂದು ವಿಚಾರಸಂಕಿರಣವಿದೆ. ವಿಷಯ: ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಲಿಕೆಯ ಮೇಲೆ ಪ್ರಭಾವ ಬೀರುವ ಅಂಶಗಳು. ಪ್ರಧಾನ ಭಾಷಣ ಆ ಮುಖ್ಯಸ್ಥರದೇ. ನಿವೃತ್ತನೆಂದು ನನಗೂ ಕರೆಯಿತ್ತು. ಹೋಗುವುದಿಲ್ಲವೆಂದು ನಿಶ್ಚಯಿಸಿ ರಾಯಾಪುರದ ಬೀಗರ ಮನೆಗೆ ಹೊರಟಿದ್ದೆ. ಆಗಲೇ ಆ ಬಸ್ಸು ಬಂದದ್ದು, ಬಗಲಲ್ಲಿ ಪುಸ್ತಕದ ಚೀಲ, ಕೈಯಲ್ಲಿ ಖಾಲಿ ಡಬ್ಬಿ ಹಿಡಿದು ಹುಡುಗಿಯೊಬ್ಬಳು ಓಡಿ ಬಂದದ್ದು.

“ಮೊದಲನೇ ತಾಸು ಇಲ್ಲೇನವಾ ತಂಗಿ?”

“ಐತ್ರಿ ಅಜ್ಜಾರ. ಅದು ದಿನಾ ಇರತೈತಿ. ನಾನ ಇರಂಗಿಲ್ಲ.”

ನಾನು ಹುಬ್ಬಳ್ಳಿಯ ಬಸ್ಸು ಹತ್ತಿದೆ. ರಾಯಾಪುರ ಬಂದಾಗ ಇಳಿಯಲಿಲ್ಲ. ಈಗ ಸಭಾಂಗಣದ ಮುಂದಿನ ಸಾಲಿನಲ್ಲಿ ಕುಳಿತಿದ್ದೇನೆ. ವೇದಿಕೆಯ ಮೇಲೆ ನಿದ್ರೆ, ಮೊಬೈಲು, ಏಕಾಗ್ರತೆ, ಆಸಕ್ತಿಯ ಕೊರತೆ ಇವೆಲ್ಲ ಒಂದೊಂದಾಗಿ ಬಂದುಹೋಗುತ್ತಿವೆ. ಇಂಥ ಸಭೆಗಳಲ್ಲಿ ಪ್ರಶ್ನೆಗೆ ವೇಳೆ ಉಳಿಯುವುದಿಲ್ಲವೆಂಬುದನ್ನು ಬಲ್ಲೆನಾದ್ದರಿಂದ ನನ್ನದನ್ನು ಇಲ್ಲಿಯೇ ಬರೆದಿಡುತ್ತೇನೆ. ಮಾನ್ಯರೆ, ಆ ಮಕ್ಕಳು ನಿಮ್ಮ ತರಗತಿಗೆ ಬರದ ಒಂದೇ ಒಂದು ಬೆಳಿಗ್ಗೆಯಾದರೂ, ಬುತ್ತಿಯ ಬಸ್ಸು ಬರುವ ಹೊತ್ತಿಗೆ, ನೀವು ಅವರಿರುವಲ್ಲಿಗೆ ಹೋಗಿ ನಿಂತಿದ್ದೀರಾ?