ದ್ವಾರಕಾನಾಥನ ನಾಲಿಗೆ

"ಅವನ ಮುಂದೆ ನೀರು ಕುಡಿಯೋಕೂ ಹೆದರಿಕೆ ಕಣ್ರೀ, ನೀರಿಗೂ ಒಂದು ದೋಷ ಹೇಳ್ತಾನೆ" ಎನ್ನುತ್ತಿದ್ದಳು ಎದುರುಮನೆಯ ಇಂದು. ಪಕ್ಕದ ಮನೆಯವರು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಹುಟ್ಟಿದ ಗಳಿಗೆಯಲ್ಲಿ ತಾಯಿಯ ಹಾಲು ಕುಡಿದು "ಸ್ವಲ್ಪ ಸಪ್ಪೆ" ಅಂದಿರಬೇಕು, ಅಂಥ ಕೂಸು ಅದು, ಎನ್ನುತ್ತಿದ್ದರು. ಬೇ ಏರಿಯಾದ ಸ್ಯಾನ್ ರಮೋನಿನ ಆ ಬೀದಿಯಲ್ಲಿ ಯಾರ ಮನೆಯಲ್ಲಿ ಊಟಕ್ಕೆ ಕರೆದರೂ, ದ್ವಾರಕಾನಾಥ ಬರುತ್ತಾನೆ ಅಂದರೆ ಅಡುಗೆ ಮಾಡುವವರ ಕೈ ಉಪ್ಪಿನ ಡಬ್ಬಿಯ ಮೇಲೆ ಒಂದು ಕ್ಷಣ ತಡೆಯುತ್ತಿತ್ತು.

ಹಾಸನದ ಕಡೆಯ ಮನುಷ್ಯ. ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯೊಂದರಲ್ಲಿ ಡೈರೆಕ್ಟರು. ಆಫೀಸಿನಲ್ಲಿ ಅವನ ಕೈಕೆಳಗಿನವರು ಎಷ್ಟು ಜನ, ಅವರು ಮಾಡುತ್ತಿದ್ದುದೇನು, ಹೆಂಡತಿ ವಿಮಲಾಗೂ ಸರಿಯಾಗಿ ಗೊತ್ತಿರಲಿಲ್ಲ. ಅವನಿಗಾದರೂ ಗೊತ್ತಿತ್ತೋ ಇಲ್ಲವೋ. ಕೊರೋನಾ ಕಾಲದಲ್ಲಿ ಮನೆಯಲ್ಲೇ ಕೂತು ಬೇಸರವಾಗಿ, ಬಿಯರು ಕಾಯಿಸುವ ಪಾತ್ರೆ ಪಗಡ ತರಿಸಿಕೊಂಡ. ಮೊದಲ ಸಲ ಉಕ್ಕಿ ಒಲೆಯೆಲ್ಲ ಅಂಟಂಟಾಯಿತು, ಒರೆಸಿದವಳು ವಿಮಲಾ. ಆಮೇಲೊಂದು ಸಲ ಅದೇನು ಗ್ರಹಗತಿಯೋ, ಜಾತ್ರೆಯಂಥ ಯಾವುದೋ ಮೇಳದ ಸ್ಪರ್ಧೆಯಲ್ಲಿ ಅವನ ಬಿಯರಿಗೆ ಮೂರನೇ ಬಹುಮಾನದ ರಿಬ್ಬನ್ ಪಟ್ಟಿ ಬಂತು. ಅದಕ್ಕೆ ಗಾಜು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ. ಅವತ್ತಿನಿಂದ ಅವನು ಬಿಯರು ಮಾಡುವವನಾಗಿ ಉಳಿಯಲಿಲ್ಲ. ಬೇರೆಯವರ ಬಿಯರಿಗೆ ಶಿಕ್ಷೆ ವಿಧಿಸುವವನಾದ.

ಅದೇ ಬೀದಿಯ ಕೊನೆಯಲ್ಲಿ ಶಿವಪ್ರಕಾಶನ ಮನೆ. ತಿಂಗಳಿಗೊಂದು ಭಾನುವಾರ ಅವನ ಗ್ಯಾರೇಜಿನಲ್ಲಿ ಮನೆಯಲ್ಲೇ ಬಿಯರು ಮಾಡುವ ನಮ್ಮವರೆಲ್ಲ ಸೇರುತ್ತಿದ್ದರು. ಪ್ರತಿಯೊಬ್ಬರೂ ತಾವು ಮಾಡಿದ್ದರಲ್ಲಿ ಒಂದು ದೊಡ್ಡ ಬಾಟಲಿ ತರಬೇಕು, ಚೀಟಿ ಎತ್ತಿ ಇನ್ನೊಬ್ಬರದನ್ನು ಒಯ್ಯಬೇಕು. ಮನೆಯಲ್ಲಿ ಕುಡಿದು, ಮುಂದಿನ ತಿಂಗಳು ಬಂದು, ಎದ್ದು ನಿಂತು, ಮಾಡಿದವನ ಮುಖ ನೋಡಿ ಹೇಗಿತ್ತೆಂದು ಹೇಳಬೇಕು. ಫೋನಿನಲ್ಲಿ ಹೇಳುವಂತಿಲ್ಲ, ಬರೆದು ಕಳಿಸುವಂತಿಲ್ಲ. ಕಾಂಗ್ರೆಸ್ ಕಡಲೆಬೀಜ ಮೆಲ್ಲುತ್ತ ಉಳಿದವರು "ಚೆನ್ನಾಗಿತ್ತಪ್ಪ", "ಸ್ವಲ್ಪ ಹುಳಿ ಹೆಚ್ಚಾಯ್ತೇನೋ" ಎಂದು ಕೂತುಬಿಡುತ್ತಿದ್ದರು. ದ್ವಾರಕಾನಾಥ ಎದ್ದರೆ ಗ್ಯಾರೇಜು ಗಪ್ಪಾಗುತ್ತಿತ್ತು.

"ಶಿವಪ್ರಕಾಶ್, ನಿಮ್ಮ ಯೀಸ್ಟು ಪಾಪ, ಜ್ವರದಲ್ಲಿ ಕೆಲಸ ಮಾಡಿದೆ. ಅದಕ್ಕೆ ರಜಾ ಕೊಡಿ."

ಮಂಗಳೂರಿನ ಹುಡುಗ ಸಂದೇಶ ಪುನರ್ಪುಳಿ ಹಾಕಿ ಮಾಡಿದ್ದನ್ನು ತಂದಾಗ, "ಸಾರು ಚೆನ್ನಾಗಿದೆ. ಅನ್ನ ತರೋದು ಮರೆತ್ರಾ?" ಅಂದಿದ್ದ.

ಬೈಸಿಕೊಂಡವರು ಮನೆಗೆ ಹೋಗಿ ಮಾಡುವ ಕ್ರಮವನ್ನೇ ಬದಲಾಯಿಸುತ್ತಿದ್ದರು. ಎಂಥಾ ಜನ ನೋಡಿ, ಉಗಿದಷ್ಟೂ ಭಕ್ತಿ ಹೆಚ್ಚು. ಬೇಸಗೆಯಲ್ಲಿ ಬೇ ಏರಿಯಾದ ಇಂಥ ಗುಂಪುಗಳೆಲ್ಲ ಸೇರಿ ನಡೆಸುವ ದೊಡ್ಡ ಸ್ಪರ್ಧೆಗೆ ಪ್ರತಿ ಗುಂಪಿನಿಂದ ಒಬ್ಬ ತೀರ್ಪುಗಾರ ಹೋಗಬೇಕಿತ್ತು. ನಮ್ಮ ಕಡೆಯಿಂದ ದ್ವಾರಕಾನಾಥರೇ ಎಂದು ಶಿವಪ್ರಕಾಶ ಆಗಲೇ ಬಾಯಿಬಿಟ್ಟು ಹೇಳಿದ್ದ. ಆ ಮೇಜಿನ ಹಿಂದಿನ ಕುರ್ಚಿ, ಕುತ್ತಿಗೆಯಲ್ಲಿ ತೂಗುವ ಬಿಲ್ಲೆ, ಮುಂದೆ ಸಾಲಾಗಿ ನಿಂತ ಗ್ಲಾಸುಗಳು. ಜನ್ಮದಲ್ಲಿ ಮತ್ತೇನೂ ಬೇಡ ಎಂಬಷ್ಟು ಅದು ಅವನ ತಲೆಗೆ ಹತ್ತಿತ್ತು.

ಈಗ ಅಸಲಿ ಸಂಗತಿಗೆ ಬರೋಣ. ದ್ವಾರಕಾನಾಥ ಆ ಬಾಟಲಿಗಳಲ್ಲಿ ಒಂದನ್ನೂ ಕುಡಿದವನಲ್ಲ. ಒಂದು ಗುಟುಕೂ ಇಲ್ಲ. ಹಿತ್ತಲಲ್ಲಿ ವಿಮಲಾ ಬದನೆ, ಹೀರೆ, ಮೆಂತ್ಯ ಹಾಕಿದ್ದಳು. ಅವಕ್ಕೆ ಬಸವನಹುಳುಗಳ ಕಾಟ. ಅಗಲದ ತಟ್ಟೆಯಲ್ಲಿ ಬಿಯರು ಹೊಯ್ದಿಟ್ಟರೆ ಹುಳುಗಳು ವಾಸನೆಗೆ ಬಂದು ಅದರಲ್ಲೇ ಬಿದ್ದು ಸಾಯುತ್ತವೆ. ಅಂಥ ತಟ್ಟೆಗಳಿಗೆ ಹೋಗುತ್ತಿತ್ತು ಶಿವಪ್ರಕಾಶನ ಶ್ರಮ, ಸಂದೇಶನ ಪುನರ್ಪುಳಿ, ಎಲ್ಲವೂ.

"ಕುಡೀದೆ ಅದು ಹೆಂಗ್ರೀ ಹೇಳ್ತೀರ?" ಎಂದು ವಿಮಲಾ ಮೊದಮೊದಲು ಕೇಳಿದ್ದಳು.

"ಕಂಡೋರು ಗ್ಯಾರೇಜಲ್ಲಿ ಕುದಿಸಿದ್ದನ್ನ ಬಾಯಿಗೆ ಹಾಕ್ಕೊಳ್ಳೋಕೆ ನನಗೇನು ಕರ್ಮ? ಮುಚ್ಚಳ ತೆಗೆದಾಗ ಬರೋ ಸದ್ದು ಕೇಳಿದ್ರೆ ಅರ್ಧ ಗೊತ್ತಾಗತ್ತೆ. ಮಿಕ್ಕಿದ್ದು ಮಾಡಿದವನ ಮುಖದಲ್ಲಿ ಬರೆದಿರತ್ತೆ. ಅವನಿಗೇ ಎಲ್ಲಿ ಅನುಮಾನವೋ ಅಲ್ಲಿ ಒಂದು ಕುಟುಕಿದ್ರೆ ಆಯ್ತು."

ವಿಮಲಾ ಖಾಲಿ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು. ಮೆಂತ್ಯವಂತೂ ಚೆನ್ನಾಗಿ ಬರುತ್ತಿತ್ತು.

ಆ ಗುಂಪಿಗೆಲ್ಲ ಹಿರಿಯರು ನಂಜುಂಡಸ್ವಾಮಿಯವರು. ಮಂಡ್ಯದವರು, ಹೆಂಡತಿ ಹೋದ ಮೇಲೆ ಗಿಲ್‌ರಾಯ್ ಎಂಬ ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದರು. ಹೊತ್ತು ಹೋಗಲೆಂದು ಹಿಡಿದ ಕೆಲಸ ಈ ಬಿಯರು. ಸುಳ್ಳು ಯಾಕೆ ಹೇಳಬೇಕು, ಅವರ ಬಿಯರು ಚೆನ್ನಾಗಿರುತ್ತಿರಲಿಲ್ಲ. ಒಂದು ಸಲ ನೆನೆದ ರಟ್ಟಿನ ವಾಸನೆ, ಇನ್ನೊಂದು ಸಲ ನೊರೆಯೇ ಇಲ್ಲ. ಆದರೂ ಬೆಳ್ಳುಳ್ಳಿ ಹೊಲಗಳನ್ನು ದಾಟಿ, ಫ್ರೀವೇಯಲ್ಲಿ ಅಷ್ಟು ದೂರ ಕಾರು ಓಡಿಸಿಕೊಂಡು ಬರುತ್ತಿದ್ದರು. ದ್ವಾರಕಾನಾಥ ಹೇಳಿದ್ದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಹೋಗಿ ಮುಂದಿನ ಸಲ ಹಾಗೆಯೇ ಮಾಡುತ್ತಿದ್ದರು. ಸಂದೇಹ ಬಂದರೆ ಫೋನು ಮಾಡುತ್ತಿದ್ದರು. ದ್ವಾರಕಾನಾಥ ಹೆಸರು ನೋಡಿ ಫೋನನ್ನು ಮಗುಚಿ ಇಡುತ್ತಿದ್ದ.

ಆ ವಸಂತದಲ್ಲಿ ಅವರ ಬಾಟಲಿ ಚೀಟಿಯಲ್ಲಿ ದ್ವಾರಕಾನಾಥನಿಗೆ ಬಂತು. ಸಂಜೆ ಮನೆಗೆ ತಂದು ಹಿತ್ತಲಲ್ಲಿ ಮುಚ್ಚಳ ತೆಗೆದ. ಬುಸ್ ಅನ್ನಲೂ ಇಲ್ಲ. "ಎಂದಿನ ಹಾಗೆ, ಗ್ಯಾಸೇ ಇಲ್ಲ" ಎಂದುಕೊಂಡು, ಮುಖ ಆ ಕಡೆ ತಿರುಗಿಸಿಯೇ ತಟ್ಟೆಗಳಿಗೆ ಸುರಿದ.

ಮಾರನೆಯ ಬೆಳಿಗ್ಗೆ ಗಿಲ್‌ರಾಯಲ್ಲಿ ನಂಜುಂಡಸ್ವಾಮಿಯವರು ಬಾಟಲಿ ತೊಳೆಯಲು ಕೂತರು. ಕೊಳೆ ಬಿಡಲೆಂದು ಎರಡು ದಿನದ ಹಿಂದೆಯೇ ತೊಳೆಯುವ ಪುಡಿಯ ಕ್ಷಾರದ ನೀರು ತುಂಬಿ, ಚೆಲ್ಲದಿರಲೆಂದು ಮುಚ್ಚಳ ಒತ್ತಿ, ಒಂದು ಡಬ್ಬದಲ್ಲಿ ಮಲಗಿಸಿಟ್ಟಿದ್ದರು. ಮೊದಲನೆಯದನ್ನು ತೆಗೆದರೆ ನೊರೆ ಉಕ್ಕಿತು. ಬಿಯರು! ಬಿಯರಿನ ಡಬ್ಬವೂ ಇದೂ ಅದಲುಬದಲಾಗಿದ್ದವು. ಹಾಗಾದರೆ ನಿನ್ನೆ ಒಯ್ದದ್ದು? ಫೋನು ಮಾಡಿದರು. ಮತ್ತೆ ಮಾಡಿದರು. ದ್ವಾರಕಾನಾಥ ಮಗುಚಿ ಇಟ್ಟ. ಒದ್ದೆ ಬನಿಯನ್ನಿನ ಮೇಲೆಯೇ ಅಂಗಿ ಸಿಕ್ಕಿಸಿಕೊಂಡು ಕಾರು ಹತ್ತಿದರು. ಸೋಮವಾರದ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಸ್ಯಾನ್ ರಮೋನು ಮುಟ್ಟಿದವರೇ ಬಾಗಿಲು ಬಡಿದರು.

ದ್ವಾರಕಾನಾಥ ಮೀಟಿಂಗಿನ ನಡುವೆ ಎದ್ದು ಬಂದು ಬಾಗಿಲು ತೆಗೆದ.

"ಬಾಟ್ಲು... ನನ್ ಬಾಟ್ಲು, ಸಾ..." ಮುದುಕರಿಗೆ ಉಸಿರು ಸಿಗುತ್ತಿರಲಿಲ್ಲ.

"ಏನ್ರೀ ಇಷ್ಟು ಆತುರ? ಮುಂದಿನ ತಿಂಗಳು ಹೇಳ್ತಿದ್ನಲ್ಲ. ಸರಿ, ಬಂದಿದೀರ, ಕೇಳ್ಕೊಳ್ಳಿ. ಪೂರ್ತಿ ಕುಡಿದೆ, ನಿನ್ನೆನೇ. ಮಾಲ್ಟು ಹೋದ ಸಲಕ್ಕಿಂತ ವಾಸಿ. ಗ್ಯಾಸು ಸಾಲದು. ಕೊನೇಲಿ ನಾಲಿಗೆ ಮೇಲೆ ಒಂಚೂರು ಕಹಿ ಉಳಿಯತ್ತೆ, ಅದನ್ನ ಸರಿ ಮಾಡ್ಕೊಳ್ಳಿ."

ನಂಜುಂಡಸ್ವಾಮಿಯವರು ಅವನ ತೋಳು ಹಿಡಿದರು. "ಪೂರ್ತಿನಾ?"

"ಪೂರ್ತಿ."

"ಅಯ್ಯೋ ನಮ್ಮಪ್ಪಾ! ಅದು ಬಿಯರಲ್ಲ ಕಣ್ ಸಾ! ಬಾಟ್ಲು ತೊಳ್ಯೋ ಪುಡಿ ನೀರು! ಗಂಟ್ಲು, ಕರ್ಳು ಎಲ್ಲಾ ಸುಟ್ಟೋಯ್ತವೆ. ನಡೀರಿ, ನಡೀರಿ ಆಸ್ಪತ್ರೆಗೆ. ಏನ್ ಮಾಡ್ಬುಟ್ಟೆ ನಾನು, ಏನ್ ಮಾಡ್ಬುಟ್ಟೆ!"

ಈಗ ಒಂದೇ ಒಂದು ಮಾತು ಸಾಕಾಗಿತ್ತು. ನಾನು ಕುಡಿಯಲಿಲ್ಲ ಸ್ವಾಮಿ, ಒಳಗೆ ಬನ್ನಿ, ಕಾಫಿ ಕುಡಿಯಿರಿ. ಅಷ್ಟೇ. ಮುದುಕರು ಅಲ್ಲೇ ಕಾಲಿಗೆ ಬೀಳುತ್ತಿದ್ದರು. ಆದರೆ ಕುಡಿಯದೆ ಕಹಿ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಶಿವಪ್ರಕಾಶನ ಗ್ಯಾರೇಜಿಗೆ ಹೋಗುತ್ತದೆ. ಅಲ್ಲಿಂದ ಆ ಕುರ್ಚಿ, ಆ ಬಿಲ್ಲೆ ಯಾರ ಪಾಲಾಗುತ್ತವೋ. ಸೌಟು ಹಿಡಿದು ಹಿಂದೆ ನಿಂತಿದ್ದ ವಿಮಲಾ ಗಂಡನ ಬೆನ್ನನ್ನೇ ನೋಡುತ್ತಿದ್ದಳು. ದ್ವಾರಕಾನಾಥ ಮೆಲ್ಲಗೆ ಕೈಯನ್ನು ಗಂಟಲಿಗೆ ಒಯ್ದ.

"ಹೌದು," ಅಂದ. "ಬೆಳಿಗ್ಗೆಯಿಂದ ಸ್ವಲ್ಪ ಉರೀತಿತ್ತು."

ಎಮರ್ಜೆನ್ಸಿಯಲ್ಲಿ ಅವನ ಗಂಟಲಿಗೆ ಕ್ಯಾಮೆರಾದ ಕೊಳವೆ ಇಳಿಸಿದರು. ಆರೋಗ್ಯವಾಗಿದ್ದ ಮನುಷ್ಯ ವಾಕರಿಸಿ, ಕಣ್ಣಲ್ಲಿ ನೀರು ಸುರಿಸಿ, ಇಳಿಸಿಕೊಂಡ. ಒಳಗೆಲ್ಲ ಹಸುಗೂಸಿನ ಗಂಟಲಿನಷ್ಟು ಸ್ವಚ್ಛವಾಗಿದೆ, ಅದೃಷ್ಟವಂತರು ನೀವು, ಎಂದಳು ಡಾಕ್ಟರು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು: ಸೋಪಿನಂಥ ನೀರು, ಅದೂ ಇಡೀ ಬಾಟಲಿ, ರುಚಿಯಲ್ಲಿ ಗೊತ್ತಾಗಲಿಲ್ಲವೇ?

ಪರದೆಯ ಪಕ್ಕದಲ್ಲೇ ನಂಜುಂಡಸ್ವಾಮಿಯವರು ಕೈಮುಗಿದುಕೊಂಡು ನಿಂತಿದ್ದರು. ದ್ವಾರಕಾನಾಥ ಅವರತ್ತ ಕಣ್ಣೂ ಹಾಯಿಸದೆ ಹೇಳಿದ: "ಇಲ್ಲ. ಇವರ ಬಿಯರು ಯಾವಾಗಲೂ ಹೀಗೇ ಇರುತ್ತದೆ."

ಇಂಗ್ಲಿಷಿನಲ್ಲೇ ಹೇಳಿದ. ಮುದುಕರಿಗೆ ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು.

ಸುದ್ದಿ ಹಬ್ಬಿ ದ್ವಾರಕಾನಾಥ ಇನ್ನೂ ದೊಡ್ಡವನಾದ. ಒಬ್ಬರ ಬಿಯರಿಗೆ ಮರ್ಯಾದೆ ಕೊಡಲೆಂದು ವಿಷವನ್ನೂ ಪೂರ್ತಿ ಕುಡಿದ ಮಹಾನುಭಾವ ಎಂದು ಗುಂಪಿನಲ್ಲಿ ಮೆಸೇಜುಗಳು ಓಡಾಡಿದವು. ಅವನು ಸ್ವಲ್ಪ ಒಡಕು ದನಿಯಲ್ಲಿ ಮಾತಾಡತೊಡಗಿದ. ಆಫೀಸಿನ ಮೀಟಿಂಗುಗಳಲ್ಲಿ ಮಾತ್ರ ದನಿ ಸರಿಯಾಗಿರುತ್ತಿತ್ತು. ನಂಜುಂಡಸ್ವಾಮಿಯವರು ಪ್ರತಿ ಶನಿವಾರ ಬರುತ್ತಿದ್ದರು. ಗಂಟಲಿಗೆ ತಂಪಾಗಲೆಂದು ರಾಗಿ ಅಂಬಲಿ ಮಾಡಿಸಿ ತರುತ್ತಿದ್ದರು. ಎದುರಿಗೆ ಕೂತು ಅವನು ಕುಡಿಯುವುದನ್ನೇ ನೋಡುತ್ತಿದ್ದರು.

"ಈಗ ಹೆಂಗೈತೆ ಸಾ?"

"ಪರವಾಗಿಲ್ಲ. ನುಂಗುವಾಗ ಒಂಚೂರು... ಇರಲಿ ಬಿಡಿ. ಅಂಬಲಿಗೆ ಉಪ್ಪು ಕಮ್ಮಿ."

ಒಂದು ಶನಿವಾರ ಅವರು ಅಂಬಲಿಯ ಜೊತೆ ತಮ್ಮ ಬಿಯರು ಕಾಯಿಸುವ ದೊಡ್ಡ ಸ್ಟೀಲು ಪಾತ್ರೆಯನ್ನೂ ತಂದು ನಡುಮನೆಯಲ್ಲಿ ಇಟ್ಟರು. "ನೀವೇ ಮಡೀಕಳಿ ಸಾ. ಇನ್ ನಾನು ಮುಟ್ಟಾಕಿಲ್ಲ. ಬಿಯರ್‌ಗೂ ಸೋಪಿನ್ ನೀರ್‌ಗೂ ವ್ಯತ್ಯಾಸ ಕಾಣ್ದಂಗೆ ಮಾಡೋನಿಗೆ ಇದ್ಯಾಕೆ" ಅಂದರು.

ದ್ವಾರಕಾನಾಥ ಪಾತ್ರೆಯನ್ನು ಬೆರಳಲ್ಲಿ ತಟ್ಟಿ ನೋಡಿದ. "ತಳ ಸ್ವಲ್ಪ ತೆಳು," ಅಂದ.

ವಿಮಲಾಗೆ ಅಷ್ಟು ಸಾಕಾಯಿತು. "ಎದ್ದೇಳಿ ಮಾವ, ನನ್ನ ಜೊತೆ ಬನ್ನಿ" ಎಂದು ಮುದುಕರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಬದನೆಗಿಡದ ಬುಡದಲ್ಲಿ ತಟ್ಟೆ, ಅದರಲ್ಲಿ ಶಿವಪ್ರಕಾಶನ ಹೊಸ ಬಿಯರು, ಅದರಲ್ಲಿ ತೇಲುವ ಹುಳುಗಳು.

"ನಿಮ್ಮದೂ ಇಲ್ಲಿಗೇ ಬಂದಿದ್ದು. ಇವರ ಗಂಟಲಿಗೆ ಹನಿನೂ ಹೋಗಿಲ್ಲ. ಆವತ್ತು ಬೆಳಿಗ್ಗೆ ನೋಡ್ತೀನಿ, ತಟ್ಟೆ ಹತ್ರ ಒಂದು ಹುಳುನೂ ಸುಳಿದಿಲ್ಲ. ಇದು ಬಿಯರಲ್ಲ ಅಂತ ಹುಳಕ್ಕೆ ಗೊತ್ತಾಗಿತ್ತು ಮಾವ."

ನಂಜುಂಡಸ್ವಾಮಿಯವರು ತಟ್ಟೆಯ ಮೇಲೆ ಬಗ್ಗಿ ನೋಡಿದರು. "ಎಲ್ಲಾವೂ ಹಿಂಗೇಯಾ? ಮೊದ್ಲಿಂದ?"

"ಮೊದಲಿನಿಂದ."

ಅವರು ಒಳಗೆ ಬಂದು ಪಾತ್ರೆ ಎತ್ತಿಕೊಂಡರು. ದ್ವಾರಕಾನಾಥ ಸೋಫಾದಲ್ಲೇ ಕೂತಿದ್ದ; ಅಂಬಲಿಯ ಲೋಟ ಕೈಯಲ್ಲೇ ಇತ್ತು. ಬಾಗಿಲಲ್ಲಿ ತಿರುಗಿ ಮುದುಕರು ಕೇಳಿದರು: "ಅಲ್ಲಾ ಸಾ, ಆವತ್ತು ಗಂಟ್ಲೊಳೀಕೆ ಅಷ್ಟುದ್ದ ಪೈಪ್ ಬುಡಿಸ್ಕಂಡ್ರಲ್ಲ. ನಮ್ದು ಒಂದ್ ಗುಟುಕು ಕುಡ್ಯೋದು ಅದ್ಕಿಂತ ಕಷ್ಟ ಆಗಿತ್ತಾ?"

ಪಾತ್ರೆ ಹೊತ್ತುಕೊಂಡು ಮೆಟ್ಟಿಲಿಳಿದರು. ನೇರ ಶಿವಪ್ರಕಾಶನ ಮನೆಗೆ ಹೋಗಿ, ಮುಂದಿನ ಭಾನುವಾರದಿಂದ ಮತ್ತೆ ಬರುತ್ತೇನೆ ಎಂದರು. ಬಿಟ್ಟವರು ಮತ್ತೆ ಯಾಕೆ ಮನಸ್ಸು ಬದಲಾಯಿಸಿದಿರಿ ಎಂದು ಅವನು ಕೇಳಿದ್ದಕ್ಕೆ ನಡೆದದ್ದನ್ನೆಲ್ಲ ಹೇಳಿದರು.

ಆ ಭಾನುವಾರ ದ್ವಾರಕಾನಾಥ ಹೋಗದೇ ಇರಬಹುದಿತ್ತು. ಹೋದ. ಮುದುಕ ಹೇಳಿರಲಾರ ಎಂದುಕೊಂಡನೋ, ಹೇಳಿದರೂ ಇವರೆಲ್ಲ ತನ್ನನ್ನೇ ನಂಬುತ್ತಾರೆ ಎಂದುಕೊಂಡನೋ. ಎಂದಿನ ಹಾಗೆ ಎದ್ದು, ಗಂಟಲು ಸರಿಮಾಡಿಕೊಂಡು, "ಶಿವಪ್ರಕಾಶ್, ನಿಮ್ಮ ಈ ಸಲದ್ದು..." ಎಂದು ಶುರುಮಾಡಿದ.

"ಒಂದ್ನಿಮಿಷ ಸಾರ್." ಶಿವಪ್ರಕಾಶ ಗ್ಲಾಸೊಂದಕ್ಕೆ ಬಿಯರು ಬಗ್ಗಿಸಿ ಅವನ ಮುಂದಿಟ್ಟ. "ಮೊದಲು ಇದನ್ನ ಕುಡೀರಿ. ಆಮೇಲೆ ಹೇಳಿ. ಯಾರದ್ದು ಅಂತ ನಾವು ಹೇಳಲ್ಲ."

ಅದು ಸಂದೇಶನದ್ದು. ಸಂದೇಶ ಗೋಡೆ ನೋಡುತ್ತ ಕಡಲೆಬೀಜ ತಿನ್ನುತ್ತಿದ್ದ. ದ್ವಾರಕಾನಾಥ ಒಂದು ಗುಟುಕು ನುಂಗಿ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದ. ಯಾವ ಮುಖವೂ ಏನನ್ನೂ ಬಿಟ್ಟುಕೊಡಲಿಲ್ಲ. ಇನ್ನೊಂದು ಗುಟುಕು ಕುಡಿದ.

"ಮಾಲ್ಟು..." ಅಂದ. "ಮಾಲ್ಟು ಪರವಾಗಿಲ್ಲ. ಇದು... ಯಾರು ಮಾಡಿದ್ದು?"

"ಅದ್ಯಾಕೆ ಬೇಕು ಸಾ?" ಅಂದರು ನಂಜುಂಡಸ್ವಾಮಿಯವರು. "ಕುಡಿದೀರಲ್ಲ, ಹೇಳಿ."

ಅವನು ಗ್ಲಾಸು ಕೆಳಗಿಟ್ಟು ಗಡಿಯಾರ ನೋಡಿಕೊಂಡ. ಒಂದು ಮೀಟಿಂಗಿದೆ ಎಂದು ಹೊರಟ.

"ಭಾನುವಾರ ಎಂಥ ಮೀಟಿಂಗು ಮಾರಾಯ್ರೇ?" ಎಂದ ಸಂದೇಶ. ಗ್ಯಾರೇಜಿನ ನಗು ಬೀದಿಯ ತಿರುವಿನವರೆಗೂ ಅವನ ಹಿಂದೆಯೇ ಬಂತು.

ಸ್ಪರ್ಧೆಯ ಕುರ್ಚಿಗೆ ಸಂದೇಶ ಹೋದ. ದ್ವಾರಕಾನಾಥನನ್ನು ಯಾರೂ ಬೈಯಲಿಲ್ಲ, ಗುಂಪಿನಿಂದ ತೆಗೆಯಲಿಲ್ಲ. ಕೇಳುವುದನ್ನು ಮಾತ್ರ ಬಿಟ್ಟರು. ಗ್ರೋಸರಿ ಅಂಗಡಿಯಲ್ಲಿ ಎದುರಾದರೆ ಹವೆಯ ಬಗ್ಗೆ ಮಾತಾಡಿ ಮುಂದೆ ಹೋಗುತ್ತಿದ್ದರು. ಊಟಕ್ಕೆ ಕರೆದವರು ಉಪ್ಪಿನ ಡಬ್ಬಿಯ ಮುಂದೆ ತಡೆಯುತ್ತಿರಲಿಲ್ಲ, ಅವನು "ಸಾರು ಸ್ವಲ್ಪ..." ಎಂದು ಬಾಯಿ ತೆಗೆಯುವಷ್ಟರಲ್ಲಿ ಇನ್ನೊಬ್ಬರಿಗೆ ಬಡಿಸಲು ತಿರುಗುತ್ತಿದ್ದರು. ಒಂದು ವರ್ಷ ತಡೆದುಕೊಂಡ. ಆಮೇಲೆ ಮನೆ ಮಾರಾಟಕ್ಕೆ ಹಾಕಿದ. ಟೆಕ್ಸಾಸಿನಲ್ಲಿ ತೆರಿಗೆ ಕಡಿಮೆ, ಅದಕ್ಕೆ, ಎಂದು ಕೇಳದವರಿಗೂ ಹೇಳಿಕೊಂಡು ತಿರುಗಿದ.

ವಿಮಲಾ ಮುಂಚಿನ ವಾರವೇ ವಿಮಾನದಲ್ಲಿ ಹೋದಳು. ಅವಳಿಗೆ ಬೀದಿಯ ಮನೆಮನೆಯಲ್ಲೂ ಅರಿಶಿನ ಕುಂಕುಮ ಕೊಟ್ಟರು, ಎದುರುಮನೆಯ ಇಂದು ತಬ್ಬಿಕೊಂಡು ಅತ್ತಳು. ಗಿಲ್‌ರಾಯಿಂದ ನಂಜುಂಡಸ್ವಾಮಿಯವರು ಒಂದು ಚೀಲ ಬೆಳ್ಳುಳ್ಳಿ ತಂದುಕೊಟ್ಟು, "ಹೋಗ್ಬುಟ್ ಬಾ ತಾಯಿ" ಎಂದರು.

ಸಾಮಾನಿನ ಲಾರಿ ಹೋದ ಮಾರನೆಯ ದಿನ ದ್ವಾರಕಾನಾಥ ಒಬ್ಬನೇ ಹೊರಗೆ ಬಂದ. ಬಾಗಿಲು ಎಳೆದ, ಬೀಗ ಬಿತ್ತೋ ಇಲ್ಲವೋ ಎಂದು ಜಗ್ಗಿ ನೋಡಿದ, ಮತ್ತೊಮ್ಮೆ ಜಗ್ಗಿದ. ಕಾರಿನ ಹತ್ತಿರ ಬಂದು, ಡಿಕ್ಕಿ ತೆಗೆದು, ಸರಿಯಾಗಿಯೇ ಇದ್ದ ಪೆಟ್ಟಿಗೆಯನ್ನು ಅತ್ತಿಂದಿತ್ತ ಸರಿಸಿ, ಮುಚ್ಚಿದ. ಎದುರಿಗೆ ಇಂದು ತನ್ನ ಗಿಡಗಳಿಗೆ ನೀರು ಬಿಡುತ್ತಿದ್ದಳು.

"ಹೊರಟ್ರಾ?"

"ಹೂಂ, ಹೊರಟೆ." ಅವನು ರಸ್ತೆಯ ಕಡೆಗೆ ಎರಡು ಹೆಜ್ಜೆ ಇಟ್ಟ.

"ವಿಮಲಾಗೆ ಫೋನ್ ಮಾಡಕ್ಕೆ ಹೇಳಿ," ಎಂದವಳೇ ನಲ್ಲಿ ನಿಲ್ಲಿಸಿ ಒಳಗೆ ಹೋದಳು.

ದ್ವಾರಕಾನಾಥ ಆ ಎರಡು ಹೆಜ್ಜೆ ವಾಪಸು ಬಂದ. ಆಮೇಲೆ ಕಾರು ಹತ್ತಿ, ಹಿಂದಕ್ಕೆ ತೆಗೆದುಕೊಂಡು, ಫ್ರೀವೇಯ ಕಡೆಗೆ ತಿರುಗಿಸಿದ.