ಅಕ್ಕನ ಫಿಲ್ಮು ಕೊರೆದ ಪೇಂಟರ್

ನಮ್ಮ ಬೀದಿಯಲ್ಲಿ ಬೋರ್ಡು ಬರೆಯುತ್ತಿದ್ದವನನ್ನು ಎಲ್ಲರೂ ಪೇಂಟರ್ ಎಂದೇ ಕರೆಯುತ್ತಿದ್ದೆವು. ಹಳೆಯ ಎಕ್ಸ್‌ರೇ ಫಿಲ್ಮಿನಲ್ಲಿ ಅಕ್ಷರಗಳನ್ನು ಕೊರೆದು, ಗೋಡೆಗೆ ಒತ್ತಿ ಹಿಡಿದು ಬಣ್ಣ ಬಳಿಯುವುದು ಅವನ ಪದ್ಧತಿ. ಫಿಲ್ಮು ನೆನೆಯುವುದಿಲ್ಲ, ಬೇಗ ಹರಿಯುವುದೂ ಇಲ್ಲ. ವಾಸಿಯಾದ ಮೇಲೆ ಬೀದಿಯವರೆಲ್ಲ ತಮ್ಮ ಮುರಿದ ಕೈಕಾಲುಗಳನ್ನು ಅವನಿಗೇ ಕೊಟ್ಟುಬಿಡುತ್ತಿದ್ದರು.

ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ಬಟ್ಟೆ ಹೊಲಿಯುತ್ತಿದ್ದಳು. ಹಿಂದೊಮ್ಮೆ ಬಿದ್ದಾಗ ತೆಗೆಸಿದ ಎಕ್ಸ್‌ರೇಯಲ್ಲಿ, ಮಂಡಿಯ ಮೇಲಿನ ಎಲುಬಿನೊಳಗೆ ಸುಣ್ಣ ಸಿಡಿದಂಥ ಬಿಳಿಯ ಚುಕ್ಕೆಗಳು ಕಂಡಿದ್ದವು.

“ಕಿವಿಯಲ್ಲಿರುತ್ತಲ್ಲ, ಅಂಥ ಮೆತ್ತನೆ ಎಲುಬಿನ ಗಂಟು. ಬೆಳೀದಿದ್ರೆ ಅದರ ಪಾಡಿಗೆ ಅದಿರಲಿ. ಆಗಾಗ ಬಂದು ತೋರಿಸಿ. ಈ ಫಿಲ್ಮು ಮಾತ್ರ ಜೋಪಾನ” ಎಂದಿದ್ದರು ಡಾಕ್ಟರು. ಅಕ್ಕ ಮತ್ತೆ ಹೋಗಲಿಲ್ಲ. ಫಿಲ್ಮನ್ನು ಮಾತ್ರ ಬೀರುವಿನ ಮೇಲೆ ಇಟ್ಟಿದ್ದಳು.

ವರ್ಷಗಳ ಮೇಲೆ ಮಂಡಿನೋವು ಶುರುವಾಯಿತು. ಹೊಸ ಎಕ್ಸ್‌ರೇ ನೋಡಿದ ಡಾಕ್ಟರು ಹಳೆಯದನ್ನು ಕೇಳಿದರು. ಗಂಟು ಬೆಳೆದಿದ್ದರೆ ಆಪರೇಷನ್ ಬೇಕಾಗಬಹುದು ಎಂದರು.

ಅಕ್ಕ ಮನೆಯೆಲ್ಲ ತಡಕಿದಳು. “ನನ್ನ ತಲೆಗೇನಾಗಿದೆಯೋ! ನೀನೇನಾದ್ರೂ ನೋಡಿದ್ಯೇನೋ?”

“ನೀನೇ ಎಲ್ಲೋ ಇಟ್ಟು ಮರ್ತಿರ್ತೀಯ ಅಕ್ಕ.”

ಹಿಂದೊಮ್ಮೆ ಕೆಲಸದ ಗಡಿಬಿಡಿಯಲ್ಲಿ ಬೀರುವಿನ ಮೇಲಿಂದ ಅದನ್ನೇ ಎಳೆದು ಕೊರೆದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಆದರೂ ಬಾಯಿಗೆ ಬಂದದ್ದು ಆ ಮಾತು. ಅವಳು ನೋಯುವ ಕಾಲಿನಲ್ಲೇ ಕುರ್ಚಿ ಹತ್ತಿ, ತನ್ನನ್ನೇ ಬೈದುಕೊಳ್ಳುತ್ತ ಅಟ್ಟ ಹುಡುಕಿದಳು. ಅಂದು ರಾತ್ರಿ ಅವನು ಕೊರೆದ ಫಿಲ್ಮುಗಳ ಕಟ್ಟು ಬಿಚ್ಚಿ, ಅವಳದನ್ನು ಹುಡುಕಿ ಚೀಲಕ್ಕೆ ಹಾಕಿಟ್ಟ.

ಮರುದಿನ ಆಸ್ಪತ್ರೆಯಲ್ಲಿ ಅವನು ತಾನಾಗಿಯೇ ಚೀಲದಿಂದ ಫಿಲ್ಮು ತೆಗೆದುಕೊಟ್ಟ. ಡಾಕ್ಟರು ಬೆಳಕಿಗೆ ಹಿಡಿದರು. ಎಲುಬಿನ ಉದ್ದಕ್ಕೂ ‘ಗಾಡಿ ನಿಲ್ಲಿಸಬೇಡಿ’ ಎಂಬ ಅಕ್ಷರಗಳ ತೂತು.

“ನೋಡ್ಬೇಕಾದ ಜಾಗವನ್ನೇ ಕೊರೆದುಬಿಟ್ಟಿದ್ದೀರಲ್ರೀ!”

ಅಕ್ಕ ತಮ್ಮನ ಕಡೆ ತಿರುಗಿದಳು. “ನಾನು ಅಟ್ಟ ಹುಡುಕ್ತಿದ್ದಾಗ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಹೋಲಿಸಲು ಹಳೆಯದಿಲ್ಲದ್ದರಿಂದ ಎಂಆರ್‌ಐ ಸ್ಕ್ಯಾನ್ ಮಾಡಿಸಿದರು. ಗಂಟು ಎಲುಬಿನ ಗೋಡೆಯನ್ನು ತಿಂದಿರಲಿಲ್ಲ. ನೋವು ಕೀಲು ಸವೆದದ್ದರಿಂದ ಬಂದದ್ದು.

“ಸದ್ಯಕ್ಕೆ ಆಪರೇಷನ್ ಬೇಡ. ಆದ್ರೆ ಬೆಳೆದಿದೆಯೋ ಇಲ್ಲವೋ ಅಂತ ನಾನು ಹೇಳೋಕಾಗಲ್ಲ. ಇವತ್ತಿಂದಲೇ ಲೆಕ್ಕ ಶುರು. ಆರು ತಿಂಗಳು ಬಿಟ್ಟು ಬನ್ನಿ” ಎಂದರು ಡಾಕ್ಟರು.

ಹೊರಗೆ ಬಂದಾಗ ಅಕ್ಕ ಅವನ ಬೆನ್ನಿಗೊಂದು ಗುದ್ದಿದಳು. “ಬಿಡೋ ಮಂಗ, ಫಿಲ್ಮು ಹೋದ್ರೆ ಹೋಯ್ತು. ನಂಗೇ ಮರೆವು ಅಂತ ನಂಬಿಸಿದ್ಯಲ್ಲ, ಅದನ್ನ ಮಾತ್ರ ಇನ್ನೊಂದ್ಸಲ ಮಾಡ್ಬೇಡ.”

ಅವಳು ಆ ವಿಷಯ ಮತ್ತೆ ಎತ್ತಲಿಲ್ಲ. ಆದರೆ ಆ ಆರು ತಿಂಗಳೂ, ಹೊಲಿಗೆಯ ನಡುವೆ ಅವಳು ಮಂಡಿ ನೀವಿಕೊಂಡಾಗಲೆಲ್ಲ ಪೇಂಟರ್ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದ.